ಟೆನ್ಷನ್ ಇದೆ ಸಾರ್

ಹಾಸಿಗೆ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ, ಮಷೀನು ಅದರ ಸುತ್ತ ಓಡಿ ಹೊಲಿಯುತ್ತದೆ ಎಂದು ಹೊರಗಿನವರು ತಿಳಿದಿದ್ದಾರೆ. ನಮ್ಮ ಶೆಡ್ಡಿನಲ್ಲಿ ಮಷೀನು ನಿಂತಲ್ಲೇ ನಿಂತಿರುತ್ತದೆ. ಓಡಬೇಕಾದ್ದು ಹಾಸಿಗೆ. ಅದಕ್ಕೆ ಕಾಲಿಲ್ಲ. ಕಾಲು ನಾವು.

ಮೇಲಿನ ಬಟ್ಟೆಯನ್ನೂ ಪಕ್ಕದ ಬಟ್ಟೆಯನ್ನೂ ಸೇರಿಸಿ, ಅಂಚಿಗೆ ಪಟ್ಟಿ ಕೂರಿಸಿ ಹೊಲಿಯುವುದು ನನ್ನ ಕೆಲಸ. ಒಳಗೆ ಸ್ಪ್ರಿಂಗು ತುಂಬಿದ, ಇಬ್ಬರು ಮಲಗುವ ಹಾಸಿಗೆ. ಒಂದು ಬದಿ ಮುಗಿದ ಮೇಲೆ ತಿರುಗಿಸಬೇಕು. ಮೇಜಿನ ಮೇಲೆ ಕಬ್ಬಿಣದ ಉರುಳೆಗಳಿವೆ. ಅವು ತಿರುಗುತ್ತಿದ್ದ ಕಾಲದಲ್ಲಿ ಅಂಗೈಯಿಂದ ತಳ್ಳಿದರೆ ಸಾಕಿತ್ತು. ಆಮೇಲೆ ದಾರದ ಚೂರು, ಹತ್ತಿಯ ನಾರು, ತುಕ್ಕು ಎಲ್ಲ ಸೇರಿ ಒಂದೊಂದೇ ಉರುಳೆ ಕಚ್ಚಿಕೊಂಡಿತು. ಈಗ ತಿರುಗಿಸುವುದೆಂದರೆ, ಎಡಗೈ ಕೆಳಗೆ ತೂರಿಸಬೇಕು. ಬಲ ಸೊಂಟವನ್ನು ಅಂಚಿಗೆ ಕೊಡಬೇಕು. ಉಸಿರು ಕಟ್ಟಬೇಕು. ನೂಕಬೇಕು. ನನ್ನ ಸೊಂಟದ ಮೂಳೆಯ ಮೇಲೆ ಒಂದು ಕಪ್ಪು ಕಲೆ ಇದೆ. ನಮ್ಮ ಸಾಲಿನಲ್ಲಿ ನಿಂತು ಹೊಲಿಯುವ ಎಲ್ಲ ಹೆಂಗಸರಿಗೂ ಇದೆ. ಬಚ್ಚಲಿನಲ್ಲಿ ಒಬ್ಬರದನ್ನೊಬ್ಬರು ನೋಡಿ ನಗುತ್ತೇವೆ.

"ಕಂಪನಿ ಸೀಲು," ಎನ್ನುತ್ತಾಳೆ ಉದ್ದಕ್ಕ. "ಗಂಡನಿಗೆ ತೋರ್ಸ್ಬೇಡ, ವಾಪಸ್ ಕಳಿಸೋಕೆ ಬರಲ್ಲ."

ಉದ್ದಕ್ಕ ನನ್ನ ಪಕ್ಕದ ಮಷೀನಿನವಳು. ಅವಳು ಎತ್ತರ, ಮೇಜು ತಗ್ಗು. ದಿನವಿಡೀ ಬಾಗಿಯೇ ಇರುತ್ತಾಳೆ. ಬಾಗಿದ್ದರೂ ನನಗಿಂತ ಎತ್ತರ. ನನ್ನನ್ನು ಎಲ್ಲರೂ ಮೂಲೆ ಎಂದು ಕರೆಯುತ್ತಾರೆ, ಹಾಸಿಗೆಯ ಮೂಲೆಗಳನ್ನು ನಾನು ಸುಕ್ಕಿಲ್ಲದೆ ಹೊಲಿಯುತ್ತೇನೆಂದು. ಮೇಲ್ವಿಚಾರಕ ಮುಖಕ್ಕೆ ಬಿಳಿ ಬಳಿದುಕೊಂಡು ಬರುತ್ತಾನೆ. ಅವನ ಹೆಸರು ಪೌಡರ್. ಅವನಿಗೆ ಗೊತ್ತಿಲ್ಲ.

ನೋವು ಮೊದಲು ಸೊಂಟದಲ್ಲಿತ್ತು. ಆಮೇಲೆ ಎಡಗಾಲಿಗೆ ಇಳಿಯಿತು. ಕಾಯಿಸಿದ ಕಂಬಿಯನ್ನು ತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೆ ಎಳೆದ ಹಾಗೆ. ಬಟ್ಟೆ ಹಿಂಡಲಾಗಲಿಲ್ಲ. ನೆಲದ ಮೇಲಿಂದ ಏಳಲಾಗಲಿಲ್ಲ. ಪಾಯಿಖಾನೆಗೆ ಹೋದವಳು ಒಂದು ದಿನ ಎದ್ದು ಬರಲಾಗದೆ ಅತ್ತೆಯನ್ನು ಕೂಗಿದೆ. ಎಪ್ಪತ್ತು ದಾಟಿದ ಮುದುಕಿ ಬಾಗಿಲು ನೂಕಿ ಒಳಗೆ ಬಂದು, ನನ್ನ ಕಂಕುಳಿಗೆ ಕೈಹಾಕಿ ಎತ್ತಿದಳು. "ನನ್ನನ್ನ ನೀನು ಎತ್ತಬೇಕಾದ ವಯಸ್ಸಲ್ಲಿ ನಿನ್ನನ್ನ ನಾನು ಎತ್ತೋ ಹಾಗಾಯ್ತಲ್ಲೇ," ಎಂದಳು. ನಾನು ಅವಳ ಮುಖ ನೋಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನು ಮಾಡಿದರು. ಬೆನ್ನೆಲುಬಿನ ನಡುವಿನ ಡಿಸ್ಕು ಜರುಗಿ ನರ ಒತ್ತುತ್ತಿದೆ, ಭಾರ ಎತ್ತಬೇಡ, ನೂಕಬೇಡ ಎಂದರು. ನಮ್ಮ ಸಾಲಿನಲ್ಲಿ ಹೀಗೆ ಹೇಳಿಸಿಕೊಂಡು ಬಂದವರು ಹಲವರಿದ್ದರು. ಎಲ್ಲರೂ ಒಟ್ಟಾಗಿ ಪೌಡರ್ ಹತ್ತಿರ ಹೋದೆವು. ನಾವು ರಜೆ ಕೇಳಲಿಲ್ಲ. ಉರುಳೆ ಬದಲಾಯಿಸಿ, ಅಷ್ಟು ಸಾಕು ಎಂದೆವು.

"ಮೇಲಿನವರಿಗೆ ಹೇಳ್ತೀನಿ," ಎಂದ.

ಮೇಲಿನವರು ಉರುಳೆ ಕಳಿಸಲಿಲ್ಲ. ಒಬ್ಬ ಡಾಕ್ಟರನ್ನು ಕಳಿಸಿದರು.

ಡಾಕ್ಟರು ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ಎಲ್ಲ ಸುಲಭವಾಗುತ್ತಿತ್ತು.

ಸ್ಟೋರಿನ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿ ಅವರಿಗೆ ಕೊಟ್ಟಿದ್ದರು. ಒಂದು ಮೇಜು, ಎರಡು ಕುರ್ಚಿ. ನಾನು ಒಳಗೆ ಹೋದಾಗ ಎದ್ದು ನಿಂತು, "ಕೂತ್ಕೊಳ್ಳಿ ಅಮ್ಮ," ಎಂದರು. ಆ ಕಟ್ಟಡದೊಳಗೆ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಕೂತೆ. ಕೂತರೆ ನೋವು ಹೆಚ್ಚು. ಆದರೂ ಕೂತೆ.

ನನ್ನ ಸ್ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನಿಮ್ಮ ಬೆನ್ನು ನನ್ನ ಬೆನ್ನಿಗಿಂತ ಚೆನ್ನಾಗಿದೆ," ಎಂದರು.

"ಡಿಸ್ಕು ಜರುಗಿದೆ ಅಂದ್ರು ಸಾರ್."

"ಅಂದೇ ಅಂತಾರೆ. ನನಗೂ ಜರುಗಿದೆ. ಈ ಬೀದೀಲಿ ಓಡಾಡೋ ಅರ್ಧ ಜನಕ್ಕೆ ಜರುಗಿರುತ್ತೆ, ಅವರಿಗೆ ನೋವೇ ಇರಲ್ಲ. ಚಿತ್ರದಲ್ಲಿ ಕಾಣೋದೆಲ್ಲ ನೋವಿಗೆ ಕಾರಣ ಅಲ್ಲಮ್ಮ. ನಾನು ಎರಡು ವರ್ಷ ಹಾಸಿಗೆ ಹಿಡಿದಿದ್ದೆ, ಗೊತ್ತಾ?"

"ಯಾವ ಕಂಪನೀದು ಸಾರ್?"

ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ಹಾಸಿಗೆ ಹಿಡಿಯುವ ವಿಷಯದಲ್ಲಿ ನಾನೂ ಕಡಿಮೆಯವಳಲ್ಲವಲ್ಲ.

ಅವರು ತಮ್ಮ ಕಥೆ ಹೇಳಿದರು. ಯಾವ ಔಷಧಿಗೂ ಬಗ್ಗದ ನೋವು. ಕೊನೆಗೆ ಅದು ಬೆನ್ನಿನದಲ್ಲ, ಒಳಗೆ ಅದುಮಿಟ್ಟ ಸಿಟ್ಟು ದುಃಖಗಳದ್ದು ಎಂದು ಅರ್ಥವಾಯಿತಂತೆ. ಅರ್ಥವಾದ ದಿನವೇ ಎದ್ದು ನಡೆದರಂತೆ. ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಸುಳ್ಳು ಹೇಳುವವರ ಕಣ್ಣು ಹಾಗೆ ಹೊಳೆಯುವುದಿಲ್ಲ.

ಆಮೇಲೆ ಕೇಳಿದರು. "ಕೆಲಸದಲ್ಲಿ ಟೆನ್ಷನ್ ಇದೆಯಾ?"

ಮಷೀನಿನ ಮೂತಿಯ ಪಕ್ಕ ಒಂದು ಗುಂಡಿ ಇದೆ. ಅತ್ತ ತಿರುಗಿಸಿದರೆ ದಾರ ಬಿಗಿ, ಇತ್ತ ತಿರುಗಿಸಿದರೆ ಸಡಿಲ. ಅದಕ್ಕೆ ನಮ್ಮಲ್ಲಿ ಟೆನ್ಷನ್ ಎನ್ನುತ್ತೇವೆ. ಬೆಳಗಿನಿಂದ ಸಂಜೆವರೆಗೆ ಶೆಡ್ಡಿನಲ್ಲಿ ಕೂಗಾಡುವ ಮಾತು ಅದು. ಟೆನ್ಷನ್ ನೋಡೇ, ಟೆನ್ಷನ್ ಇಳ್ಸೇ, ಯಾವಳೇ ನನ್ನ ಟೆನ್ಷನ್ ಮುಟ್ಟಿದ್ದು. ಮನಸ್ಸಿಗೆ ಆಗುವುದಕ್ಕೆ ನಾವು ತಲೆಬಿಸಿ ಎನ್ನುತ್ತೇವೆ. ಅವರು ಕೆಲಸದಲ್ಲಿ ಎಂದು ಬೇರೆ ಕೇಳಿದರು. ನನ್ನ ತಲೆಗೆ ಇನ್ನೊಂದು ಅರ್ಥ ಬರಲೇ ಇಲ್ಲ.

"ಇದೆ ಸಾರ್," ಎಂದೆ.

"ಜಾಸ್ತಿ ಇದೆಯಾ?"

"ತುಂಬಾ ಜಾಸ್ತಿ. ಇರಲೇಬೇಕು ಅಂತಾರೆ."

"ಯಾರು?"

"ಪೌ... ಮೇಲ್ವಿಚಾರಕರು. ಒಂಚೂರು ಸಡಿಲ ಬಿಟ್ರೂ ಬಂದು ಬೈತಾರೆ."

"ಸಡಿಲ ಬಿಡಬೇಕು ಅಂತ ನಿಮಗೆ ಅನ್ಸುತ್ತಾ?"

"ಬಿಡಲೇಬೇಕು ಸಾರ್ ಒಂದೊಂದು ಸಲ. ಇಲ್ಲಾಂದ್ರೆ ಪಟ್ ಅಂತ ಕಿತ್ಕೊಂಡು ಹೋಗುತ್ತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗೆ ಕಿತ್ಕೊಂಡು ಹೋಗಿದೆಯಾ?"

"ದಿನಾ ಹೋಗುತ್ತೆ."

"ಆಗ ಏನ್ಮಾಡ್ತೀರಿ?"

"ಏನ್ಮಾಡೋದು? ಗಂಟು ಹಾಕ್ಕೊಂಡು ಮುಂದುವರಿಸೋದು."

ಅವರು ನನ್ನನ್ನೇ ನೋಡುತ್ತಾ ಕೂತರು. ದಾರದ ಮಾತಿಗೆ ಇಷ್ಟು ಕನಿಕರಪಡುವ ಮನುಷ್ಯನನ್ನು ನಾನು ಕಂಡಿರಲಿಲ್ಲ.

"ಮನೇಲಿ ಇದೆಯಾ?" ಎಂದು ಮೆಲ್ಲಗೆ ಕೇಳಿದರು.

"ಮನೇಲಿ ಇಲ್ಲ ಸಾರ್. ಮೊದಲು ಇತ್ತು."

"ಈಗ ಇಲ್ಲವೇ ಇಲ್ಲ ಅಂತೀರಾ?"

"ಇಲ್ಲ."

ತಲೆದೂಗಿದರು. ಏನೋ ಬರೆದುಕೊಂಡರು. ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಹೊರಗೆ ಸರದಿಯಲ್ಲಿ ನಿಂತಿದ್ದ ಉದ್ದಕ್ಕನಿಗೆ ಎಲ್ಲ ಹೇಳಿದೆ. ಮನೆಯಲ್ಲಿ ಮಷೀನು ಇದೆಯೋ ಇಲ್ಲವೋ ಅದೂ ಬೇಕು ನೋಡು ಇವರಿಗೆ ಎಂದೆ. ಉದ್ದಕ್ಕ ಬಾಯಿ ತೆರೆದು ನನ್ನನ್ನು ನೋಡಿದಳು.

"ಅಯ್ಯೋ ನಿನ್ನ! ಅವರು ಕೇಳಿದ್ದು ದಾರದ್ದಲ್ಲ ಕಣೇ, ತಲೇದು!"

ಗೋಡೆ ಹಿಡಿದುಕೊಂಡು ನಕ್ಕಳು. ನಗುವಾಗ ಬೆನ್ನು ಹಿಡಿದುಕೊಂಡಿತು. ಅಮ್ಮಾ ಎಂದಳು. ಮತ್ತೆ ನಕ್ಕಳು. "ದಿನಾ ಕಿತ್ಕೊಂಡು ಹೋಗುತ್ತೆ ಅಂದ್ಯಾ? ಗಂಟು ಹಾಕ್ತೀನಿ ಅಂದ್ಯಾ? ನಾನೂ ಹಾಗೇ ಹೇಳ್ತೀನಿ ತಡಿ."

ಆ ವಾರ ಶೆಡ್ಡೆಲ್ಲ ಅದನ್ನೇ ಹೇಳಿ ನಕ್ಕಿತು. ಮುಂದಿನ ವಾರ ಬಚ್ಚಲಿನ ಪಕ್ಕದ ಬೆಂಚು ಇರಲಿಲ್ಲ.

ಅದು ಮರದ ಹಳೆಯ ಬೆಂಚು. ನೋವು ತಡೆಯಲಾಗದವರು ಬಿಡುವಿನಲ್ಲಿ ಅದರ ಮೇಲೆ ಅಂಗಾತ ಬಿದ್ದು ಮೊಣಕಾಲು ಮಡಚಿಕೊಳ್ಳುತ್ತಿದ್ದರು. ಅದರ ಜೊತೆಗೆ ಮುಲಾಮಿನ ಡಬ್ಬಿಯೂ ಹೋಗಿತ್ತು. ಪೌಡರ್ ಸಾಲಿನ ಮುಂದೆ ನಿಂತು ಹೇಳಿದ, "ಡಾಕ್ಟರು ಹೇಳಿದಾರೆ. ಮಲಗಿದಷ್ಟೂ ಹೆದರಿಕೆ ಜಾಸ್ತಿ, ಹೆದರಿಕೆ ಜಾಸ್ತಿಯಾದಷ್ಟೂ ನೋವು ಜಾಸ್ತಿ. ಬೆನ್ನಿಗೆ ಏನೂ ಆಗಿಲ್ಲ ಅಂದ್ಕೊಂಡು ಎಲ್ಲ ಕೆಲಸ ಮಾಡಿ."

"ಉರುಳೆ?" ಎಂದೆ.

"ಉರುಳೆ ಯಾಕೆ? ನಿಂಗೆ ಟೆನ್ಷನ್ ಇದೆ ಅಂತ ನೀನೇ ಒಪ್ಕೊಂಡಿದೀಯಲ್ಲ. ಜಾಸ್ತಿ ಇದೆ, ದಿನಾ ಕಿತ್ಕೊಂಡು ಹೋಗುತ್ತೆ ಅಂದಿದೀಯ."

"ಅದು ದಾರದ್ದು."

"ಓಹೋ," ಎಂದ ಪೌಡರ್. "ದಾರಕ್ಕೆ ಬೆನ್ನು ನೋವಾ?"

ಎಲ್ಲರೂ ನಕ್ಕರು. ಒಂದು ವಾರ ನಗಿಸಿದ ಮಾತಲ್ಲವೇ. ನಗು ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮಷೀನು ರಿಪೇರಿ ಮಾಡುವವನನ್ನು ಬೋಲ್ಟಣ್ಣ ಎನ್ನುತ್ತೇವೆ. ಅವನು ಎಣ್ಣೆ ಹಾಕಲು ಬಂದಾಗ ತಲೆ ಎತ್ತದೆ ಹೇಳಿದ, "ಹೊಸ ಉರುಳೆ ತರ್ಸೋಕೆ ಬರೆದಿದ್ವಿ. ಬೇಡ ಅಂದ್ರಂತೆ. ಉರುಳೆ ತಿರುಗೋದು ಬೇಡ್ವಂತೆ ತಂಗಿ, ನಿಮ್ಮ ಮನಸ್ಸು ತಿರುಗಿದ್ರೆ ಸಾಕಂತೆ."

ನಾನು ಡಾಕ್ಟರ ಹತ್ತಿರ ಮತ್ತೆ ಹೋದೆ. ತಪ್ಪಾಗಿದೆ ಎಂದು ಹೇಳಲು ಹೋದೆ.

ಅವರು ಎಲ್ಲ ಕೇಳಿಸಿಕೊಂಡರು. ಗುಂಡಿಯ ವಿಷಯ, ದಾರದ ವಿಷಯ, ತಲೆಬಿಸಿಯ ವಿಷಯ. ಮಧ್ಯೆ ಬಾಯಿ ಹಾಕಲಿಲ್ಲ. ನಗಲೂ ಇಲ್ಲ.

"ಅಮ್ಮ, ಒಂದು ಮಾತು ಕೇಳ್ತೀನಿ. ಗುಂಡಿ ಬಗ್ಗೆ ಹೇಳುವಾಗ ನಿಮ್ಮ ಧ್ವನಿ ಯಾಕೆ ನಡುಗ್ತಿತ್ತು ಆವತ್ತು?"

"ನಡುಗ್ತಿರಲಿಲ್ಲ ಸಾರ್."

"ನಿಮಗೆ ಗೊತ್ತಾಗಿರಲ್ಲ. ನಾನು ಮನಸ್ಸಿನ ಬಗ್ಗೆ ಕೇಳಿದೆ. ನಿಮಗೆ ದಾರದ ಬಗ್ಗೆ ಕೇಳಿಸ್ತು. ಯಾಕೆ? ಮನಸ್ಸಿನ ಮಾತು ಆಡೋಕೆ ಮನಸ್ಸಿಗೇ ಹೆದರಿಕೆ. ಅದಕ್ಕೆ ದಾರದ ಹಿಂದೆ ಬಚ್ಚಿಟ್ಕೊಳ್ತು. ಅದು ತಪ್ಪಲ್ಲಮ್ಮ, ಅದೇ ನಿಜ."

ಏನು ಹೇಳಲಿ? ಇಲ್ಲ ಎಂದರೆ ಬಚ್ಚಿಡುತ್ತಿದ್ದೇನೆ. ಹೌದು ಎಂದರೆ ಒಪ್ಪಿಕೊಂಡೆ. ಬಾಯಿ ಮುಚ್ಚಿದರೆ ಅದುಮಿಟ್ಟಿದ್ದೇನೆ. ಮೂರು ಕಡೆ ಗೋಡೆ. ನಾಲ್ಕನೆಯ ಕಡೆ ಡಾಕ್ಟರು, ಕರುಣೆಯಿಂದ ನೋಡುತ್ತಾ.

"ಯಾರನ್ನಾದರೂ ಕಳ್ಕೊಂಡಿದೀರಾ?" ಎಂದರು.

ಕಳೆದುಕೊಂಡಿದ್ದೆ. ನನ್ನ ಮೊದಲನೆಯ ಕೂಸು. ಹೆಣ್ಣು. ಗೋಡೆ ಬಿಟ್ಟು ನಡೆಯಲು ಕಲಿತ ವಾರವೇ ಜ್ವರ ಬಂದು ಹೋಯಿತು. ಆಮೇಲೆ ಮನೆಯಲ್ಲಿ ಯಾರೂ ಅವಳ ಸುದ್ದಿ ಎತ್ತಲಿಲ್ಲ. ಗಂಡ ಎತ್ತಲಿಲ್ಲ, ನನಗೆ ನೋವಾಗುತ್ತದೆಂದು. ನಾನು ಎತ್ತಲಿಲ್ಲ, ಅವನಿಗೆ ನೋವಾಗುತ್ತದೆಂದು. ಹುಡುಗ ಹುಟ್ಟಿದ, ಅವನಿಗೂ ಹೇಳಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಎದುರು ಕೂತು, ಅವಳು ಹೇಗಿದ್ದಳು ಎಂದು ಕೇಳಿದ ಮೊದಲನೆಯ ಮನುಷ್ಯ ಈ ಡಾಕ್ಟರು.

ಹೇಳಿದೆ. ನಗುವಾಗ ಒಂದೇ ಕಣ್ಣು ಮುಚ್ಚುತ್ತಿದ್ದಳು ಎಂದೆ. ಸ್ಟೋರಿನ ಆ ಕೋಣೆಯಲ್ಲಿ, ದಾರದ ಉಂಡೆಗಳ ವಾಸನೆಯಲ್ಲಿ, ಸೊಂಟದವರೆಗೆ ಬಗ್ಗಿ ಅತ್ತೆ. ಅವರು ನೀರು ಕೊಟ್ಟರು. ಅವರ ಕಣ್ಣಿನಲ್ಲೂ ನೀರಿತ್ತು.

ಸುಳ್ಳು ಹೇಳುವುದಿಲ್ಲ. ಆ ಸಂಜೆ ನೋವು ಕಡಿಮೆ ಇತ್ತು. ಬಸ್ಸಿನಿಂದ ಇಳಿದು ಕಂಬ ಹಿಡಿಯದೆ ಮನೆಗೆ ನಡೆದೆ. ಅವರು ಹೇಳಿದ್ದೇ ನಿಜವಿರಬಹುದು ಎನಿಸಿತು. ನಿಜವಾಗಿದ್ದರೆ ಎಷ್ಟು ಚೆನ್ನ ಎಂದೂ ಅನಿಸಿತು. ಉರುಳೆ ಬೇಡ, ಯಾರನ್ನೂ ಕೇಳುವುದು ಬೇಡ, ಪೌಡರ್ ಮುಂದೆ ಕೈಕಟ್ಟಿ ನಿಲ್ಲುವುದು ಬೇಡ. ಅತ್ತರೆ ಸಾಕು.

ಅತ್ತೆಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ನಂಗೂ ಇಪ್ಪತ್ತು ವರ್ಷದಿಂದ ಬೆನ್ನು ನೋವು," ಎಂದಳು. "ನಾನು ಯಾರನ್ನ ಕಳ್ಕೊಂಡೆ? ನಿನ್ನ ಗಂಡನ್ನ ಹೆತ್ತು ಉಳಿಸ್ಕೊಂಡೆ. ಅದಕ್ಕೇ ಇರ್ಬೇಕು."

"ತಮಾಷೆ ಅಲ್ಲ ಅತ್ತೆ. ಇವತ್ತು ನಿಜಕ್ಕೂ ಹಗುರ ಆಯ್ತು."

"ಆಗಿರುತ್ತೆ. ಅತ್ರೆ ಯಾರಿಗಾದ್ರೂ ಹಗುರ ಆಗುತ್ತೆ. ಡಾಕ್ಟರ ಹತ್ರ ಎಷ್ಟು ಹೊತ್ತು ಕೂತಿದ್ದೆ?"

"ಮಧ್ಯಾಹ್ನದಿಂದ."

"ಅಷ್ಟು ಹೊತ್ತು ಹಾಸಿಗೆ ಯಾರು ತಿರುಗ್ಸಿದ್ರು?"

"ಬೇರೆಯವರು."

ಅತ್ತೆ ದಂಟು ಒಂದು ಕಡೆ, ಎಲೆ ಒಂದು ಕಡೆ ಹಾಕುತ್ತಾ ಹೋದಳು.

ಮಾರನೆಯ ದಿನ ಮಷೀನಿಗೆ ಮರಳಿದೆ. ನನಗೆ ಏನೂ ಆಗಿಲ್ಲ ಎಂದುಕೊಂಡು ಸೊಂಟ ಕೊಟ್ಟೆ. ಡಾಕ್ಟರು ಹೇಳಿಕೊಟ್ಟ ಹಾಗೆ ಮಗುವಿನ ಮುಖ ನೆನೆಸಿಕೊಂಡೆ. ನೂಕಿದೆ. ಕಣ್ಣು ಕತ್ತಲೆಯಾಯಿತು. ಮತ್ತೊಂದು ಹಾಸಿಗೆ ಬಂತು. ಮತ್ತೆ ಮಗುವನ್ನು ನೆನೆಸಿಕೊಂಡೆ. ನೂಕಿದೆ. ಹೊತ್ತು ಇಳಿಯುವಷ್ಟರಲ್ಲಿ ನನಗೆ ಒಂದು ವಿಷಯ ಗೊತ್ತಾಯಿತು. ಮಗುವಿನ ಮುಖ ನೆನೆಸಿಕೊಂಡ ಕೂಡಲೇ ಕಾಲಿನಲ್ಲಿ ಕಂಬಿ ಹೊತ್ತಿಕೊಳ್ಳುತ್ತಿತ್ತು. ಅವರು ನನ್ನ ಮಗುವನ್ನು ತಂದು ಆ ಮೇಜಿಗೆ ಕಟ್ಟಿಹಾಕಿದ್ದರು. ಅವಳನ್ನು ನಾನು ಇನ್ನು ಸುಮ್ಮನೆ ನೆನೆಸಿಕೊಳ್ಳುವ ಹಾಗಿರಲಿಲ್ಲ.

ಉದ್ದಕ್ಕನ ನೋವು ಹೋಯಿತು. ಹಾಗೆಂದು ಅವಳೇ ಹೇಳಿದಳು. ಅವಳಿಗೆ ಅಕ್ಕತಂಗಿಯರ ಜಗಳದ ದುಃಖವಿತ್ತಂತೆ, ಡಾಕ್ಟರು ಹುಡುಕಿ ತೆಗೆದರಂತೆ. ಪೌಡರ್ ಅವಳನ್ನು ಹೊಗಳುತ್ತಿದ್ದ. ನಾನು ಬಚ್ಚಲಿನಲ್ಲಿ ಅವಳನ್ನು ಹಿಡಿದು ಕೇಳಿದೆ.

"ನಿಜವಾಗ್ಲೂ ಹೋಯ್ತಾ ಅಕ್ಕಾ?"

"ಹೋಯ್ತು ಅಂದ್ರೆ ಹೋಯ್ತು."

"ಮೆಟ್ಟಿಲು ಹತ್ತುವಾಗ ಕಂಬಿ ಹಿಡ್ಕೊಳ್ತೀಯಲ್ಲ."

ಅವಳು ಕೈ ಕೊಡವಿದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. "ಹೋಗಿರೋ ನೋವನ್ನ ಯಾಕೆ ವಾಪಸ್ ಕರೀತೀಯೇ? ನಿಂಗೆ ಬೇಕಿದ್ರೆ ಇಟ್ಕೋ ನಿಂದು. ತಲೆ ಸರಿ ಇಲ್ಲದವರನ್ನ ತೆಗೆದುಹಾಕ್ತಾರಂತೆ, ಕೇಳಿದೀಯಾ? ನಂಗೆ ಹೋಯ್ತು. ಅಷ್ಟೇ."

ನನಗೂ ಅದೇ ಮಾತು ಬಂತು. ಪೌಡರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ, "ನಾಳೆ ಮೇಲಿನವರು ಬರ್ತಾರೆ. ಡಾಕ್ಟರು ಮಾತಾಡ್ತಾರೆ. ಗುಣ ಆದವರು ಎದ್ದು ಹೇಳ್ಬೇಕು. ನಿಂದು ಮೂರೇ ಮಾತು. ನೋವಿತ್ತು. ಅದು ಮನಸ್ಸಿಂದು. ಈಗ ಗೊತ್ತಾಯ್ತು. ಹೇಳಿದ್ರೆ ಮಷೀನು ನಿಂದೇ."

"ಹೇಳದಿದ್ರೆ?"

"ಮನಸ್ಸು ಸರಿ ಇಲ್ಲದವಳನ್ನ ಸೂಜಿ ಹತ್ರ ಹೇಗೆ ಬಿಡೋದು? ಕೈಗೇನಾದ್ರೂ ಆದ್ರೆ ನಮ್ಮ ಮೇಲೆ ಬರುತ್ತೆ." ಕನಿಕರದ ಧ್ವನಿ ಮಾಡಿದ. ಅದನ್ನೂ ಡಾಕ್ಟರಿಂದ ಕಲಿತಿದ್ದ.

ಮನೆಯಲ್ಲಿ ಗಂಡನ ಖಾಯಂ ಕೆಲಸ ಹೋಗಿ ತಿಂಗಳುಗಳಾಗಿದ್ದವು. ಸಿಕ್ಕಿದ ದಿನ ಲಾರಿಗೆ ಲೋಡು ಮಾಡಲು ಹೋಗುತ್ತಿದ್ದ. ನನ್ನ ಮಷೀನು ಹೋದರೆ ಒಲೆ ಹೋದ ಹಾಗೆ. ಅವನಿಗೆ ಹೇಳಿದೆ. "ಮೂರು ಮಾತು ತಾನೇ," ಎಂದ. ಆಮೇಲೆ, "ನೀನು ನೋಡು," ಎಂದ. ನಾನು ಆ ಮೂರು ಮಾತನ್ನು ಬಾಯಿಪಾಠ ಮಾಡಿದೆ. ಹೇಳಬೇಕೆಂದೇ ಹೋದೆ.

ಪ್ಯಾಕಿಂಗ್ ಕಡೆ, ಗೋಡೆಗೆ ಒರಗಿಸಿದ ಹಾಸಿಗೆಗಳ ನಡುವೆ ನಮ್ಮನ್ನೆಲ್ಲ ನಿಲ್ಲಿಸಿದರು. ಹಾಸಿಗೆಗಳ ಪ್ಲಾಸ್ಟಿಕ್ಕಿನ ಮೇಲೆ, ನಿಮ್ಮ ಬೆನ್ನಿನ ಕಾಳಜಿ ನಮ್ಮದು ಎಂದು ಅಚ್ಚಾಗಿತ್ತು. ಮೇಲಿನವರು ಕುರ್ಚಿಯಲ್ಲಿದ್ದರು. ಡಾಕ್ಟರು ಒಂದು ಮರದ ಹಲಗೆಯ ಮೇಲೆ ನಿಂತಿದ್ದರು.

ಉದ್ದಕ್ಕ ಮೊದಲು ಹೇಳಿದಳು. ಚೆನ್ನಾಗಿ ಹೇಳಿದಳು. ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ಅವಳು ಎಷ್ಟು ಎತ್ತರ ಎಂದು ಆವತ್ತು ಎಲ್ಲರಿಗೂ ಕಂಡಿತು. ಚಪ್ಪಾಳೆ ಬಿತ್ತು.

ಆಮೇಲೆ ಡಾಕ್ಟರು ಹೇಳಿದರು, "ಇಲ್ಲಿ ಒಬ್ಬ ತಾಯಿ ಇದಾರೆ. ಹೆಸರು ಹೇಳಲ್ಲ."

ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆ ನೋಡಿದರು.

"ಅವರಿಗೆ ಒಂದು ಹೆಣ್ಣು ಮಗು ಇತ್ತು. ನಡೆಯೋಕೆ ಕಲಿತ ವಾರ ಹೋಗಿಬಿಡ್ತು. ನಗುವಾಗ ಒಂದೇ ಕಣ್ಣು ಮುಚ್ತಿತ್ತಂತೆ. ಆ ಮಗುವನ್ನ ಈ ತಾಯಿ ಇವತ್ತಿಗೂ ಬೆನ್ನ ಮೇಲೆ ಹೊತ್ಕೊಂಡಿದಾರೆ. ಆ ಭಾರವೇ ಅವರ ನೋವು. ಹಾಸಿಗೆ ಅಲ್ಲ, ಮೇಜಲ್ಲ. ಇವತ್ತು ಅವರು ಆ ಭಾರ ಇಳಿಸ್ತಾರೆ."

ಪೌಡರ್ ನನ್ನ ಮೊಣಕೈ ನೂಕಿದ. ಮುಂದೆ ಹೋದೆ. ಬಾಯಿಪಾಠ ಮಾಡಿದ್ದ ಮೂರು ಮಾತು ಬಾಯಲ್ಲೇ ಇದ್ದವು. ನಾಲಿಗೆಯ ಮೇಲೆ ಅವುಗಳ ರುಚಿ ಸಹ ಇತ್ತು.

"ನನ್ನ ಮಗು ಭಾರ ಇರ್ಲಿಲ್ಲ," ಎಂದೆ.

ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ.

"ನನ್ನ ಮಗು ಭಾರ ಇರ್ಲಿಲ್ಲ. ಹಗುರ ಇದ್ಲು. ಎತ್ಕೊಂಡ್ರೆ ಎತ್ಕೊಂಡಿದೀನಿ ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ಒಂದು ಕೈಲಿ ಅವಳನ್ನ ಇಟ್ಕೊಂಡು ಇನ್ನೊಂದು ಕೈಲಿ ನೀರು ಹೊತ್ತಿದೀನಿ. ಬೆನ್ನು ನೋಯ್ಲಿಲ್ಲ. ಭಾರ ಇರೋದು ಹಾಸಿಗೆ ಸಾರ್. ಉರುಳೆ ತಿರುಗ್ತಿಲ್ಲ. ನಿಮ್ಮ ಹತ್ರ ಅತ್ತಿದ್ದು ನನ್ನ ತಪ್ಪಲ್ಲ, ನೀವು ಕೇಳಿದ್ರಿ, ನಾನು ಅತ್ತೆ. ಅದನ್ನ ತಂದು ಇಲ್ಲಿ ಹರಡ್ತೀರಾ? ಅವಳ ಸುದ್ದಿ ಇನ್ನೊಂದು ಸಲ ಈ ಶೆಡ್ಡಲ್ಲಿ ಎತ್ತಬೇಡಿ!"

ಕೊನೆಗೆ ಕಿರುಚಿದ್ದೆ.

ಡಾಕ್ಟರ ಮುಖ ಅರಳಿತು.

"ನೋಡಿ," ಎಂದರು ಕುರ್ಚಿಗಳ ಕಡೆ ತಿರುಗಿ. "ಇದೇ ಸಿಟ್ಟು. ಇಷ್ಟು ವರ್ಷ ಒಳಗೆ ಅದುಮಿಟ್ಟಿದ್ದು. ಹೊರಗೆ ಬಂತು. ಇನ್ನು ಅವರು ಗುಣ ಆಗ್ತಾರೆ." ಆಮೇಲೆ ನನಗೆ, ನಿಜವಾದ ಸಂತೋಷದಿಂದ, "ಭೇಷ್ ಅಮ್ಮ," ಎಂದರು.

ಕುರ್ಚಿಯವರು ಚಪ್ಪಾಳೆ ತಟ್ಟಿದರು. ಪೌಡರ್ ತಟ್ಟಿದ. ಅವನನ್ನು ನೋಡಿ ನಮ್ಮವರೂ ತಟ್ಟಿದರು. ಬೋಲ್ಟಣ್ಣ ಎಣ್ಣೆಯ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ. ಉದ್ದಕ್ಕನ ಕೈಗಳು ಒಂದಕ್ಕೊಂದು ತಾಗುತ್ತಿದ್ದವು, ಸದ್ದು ಬರುತ್ತಿರಲಿಲ್ಲ.

ನನ್ನ ಬಾಯಿಂದ ಏನು ಬಂದರೂ ಅದು ಅವರದಾಗುತ್ತದೆ ಎಂದು ಆಗ ಅರ್ಥವಾಯಿತು. ಅತ್ತರೂ ಅವರದು. ಕೂಗಿದರೂ ಅವರದು. ನಾನು ಗುಣವಾಗಿಬಿಟ್ಟಿದ್ದೆ.

ಗಂಟೆ ಹೊಡೆಯಿತು. ಎಲ್ಲರೂ ಮಷೀನಿಗೆ ಹೋದೆವು. ಡಾಕ್ಟರೂ ಮೇಲಿನವರೂ ಟೀ ಕುಡಿಯಲು ಆಫೀಸಿಗೆ ಹೋದರು.

ಹಾಸಿಗೆ ಬಂತು. ಪಟ್ಟಿ ಕೂರಿಸಿದೆ. ಒಂದು ಬದಿ ಹೊಲಿದೆ. ಮೂಲೆ ಬಂತು. ಮೂಲೆಯನ್ನು ಎಂದಿನ ಹಾಗೆ ಸುಕ್ಕಿಲ್ಲದೆ ಹೊಲಿದೆ. ಪೆಡಲಿನಿಂದ ಕಾಲು ತೆಗೆದೆ. ಕೈಗಳನ್ನು ಹಾಸಿಗೆಯ ಮೇಲೆ ಇಟ್ಟೆ. ನಿಂತೆ.

ಹಿಂದಿನಿಂದ ಮತ್ತೊಂದು ಹಾಸಿಗೆ ಬಂದು ಇದಕ್ಕೆ ತಾಗಿತು. ಅದರ ಹಿಂದೆ ಇನ್ನೊಂದು.

"ತಿರುಗ್ಸು," ಎಂದ ಪೌಡರ್ ದೂರದಿಂದ.

ನಿಂತೇ ಇದ್ದೆ. ಅವನು ಹತ್ತಿರ ಬಂದ.

"ಏನಾಯ್ತು? ನೋವಾ?"

ಆ ಪ್ರಶ್ನೆಯನ್ನು ಅವನು ಬೋನಿನ ಬಾಗಿಲು ತೆರೆದ ಹಾಗೆ ಕೇಳಿದ. ನೋವು ಎಂದರೆ ಒಳಗೆ ಹೋದೆ. ಅದರ ಹೆಸರು, ಕಾರಣ, ಔಷಧಿ ಎಲ್ಲ ಅವರ ಹತ್ತಿರ ಸಿದ್ಧವಿದ್ದವು.

"ನೋವಿಲ್ಲ," ಎಂದೆ.

"ಮತ್ತೆ?"

"ತಿರುಗ್ಸಲ್ಲ."

"ನೋವಿಲ್ಲ ಅಂದ್ಮೇಲೆ ಯಾಕೆ ತಿರುಗ್ಸಲ್ಲ?"

"ತಿರುಗ್ಸಲ್ಲ ಅಷ್ಟೇ. ಉರುಳೆ ಹಾಕ್ಸಿ. ತಿರುಗ್ಸ್ತೀನಿ."

ನೋವಿಲ್ಲದವಳಿಗೆ ಏನು ಹೇಳಬೇಕೆಂದು ಯಾರೂ ಅವನಿಗೆ ಕಲಿಸಿರಲಿಲ್ಲ. ಸಿಟ್ಟಿಲ್ಲದೆ, ಅಳದೆ, ಮೆಲ್ಲಗೆ ಮಾತಾಡುತ್ತಿದ್ದೆ. ಬೆವರಿಗೆ ಅವನ ಮುಖದ ಬಿಳಿ ಕರಗಿ ಕತ್ತಿನ ಕಡೆ ಇಳಿಯುತ್ತಿತ್ತು. ಸಾಲಿನಲ್ಲಿ ಒಂದೊಂದೇ ಮಷೀನು ನಿಲ್ಲುತ್ತಾ ಬಂತು. ನನಗಾಗಿ ನಿಂತದ್ದಲ್ಲ. ಹಾಸಿಗೆ ಮುಂದೆ ಹೋಗದ್ದಕ್ಕೆ ನಿಂತವು.

"ಏಯ್ ಉದ್ದ!" ಎಂದು ಕೂಗಿದ. "ನಿಂಗೆ ಗುಣ ಆಗಿದೆಯಲ್ಲ, ಬಾ ಇಲ್ಲಿ. ಇವಳ ಜಾಗಕ್ಕೆ ನಿಂತ್ಕೋ. ತಿರುಗ್ಸು ಇದನ್ನ."

ಉದ್ದಕ್ಕ ಬಂದಳು. ಮೇಜಿನ ಆ ಬದಿಗೆ ನಿಂತಳು. ನನ್ನ ಕಣ್ಣು ತಪ್ಪಿಸಿ ಹೇಳಿದಳು, "ಸರ್ಕೊಳ್ಳೇ."

ನಾನು ಸರಿಯಲಿಲ್ಲ.

"ಸರ್ಕೊಳ್ಳೇ ಮೂಲೆ. ಇಬ್ರ ಹೊಟ್ಟೆ ಮೇಲೂ ಹೊಡೀಬೇಡ."

ಅವಳು ಕೈ ಕೆಳಗೆ ತೂರಿಸಿದಳು. ಸೊಂಟ ಕೊಟ್ಟಳು. ನೂಕಿದಳು. ನಾನು ಈ ಕಡೆಯಿಂದ ಸೊಂಟ ಕೊಟ್ಟು ತಡೆದೆ. ಹಾಸಿಗೆ ನಮ್ಮಿಬ್ಬರ ನಡುವೆ ಅರ್ಧ ಎದ್ದು ನಿಂತಿತು. ಒಳಗಿನ ಸ್ಪ್ರಿಂಗುಗಳು ಕಿರುಗುಟ್ಟಿದವು. ನನ್ನ ತೊಡೆಯ ಹಿಂದೆ ಕಂಬಿ ಇಳಿಯಿತು. ಕೆಂಪಾಗಿ, ನಿಧಾನವಾಗಿ, ಹಿಮ್ಮಡಿಯವರೆಗೆ. ಬಿಡಲಿಲ್ಲ. ಉದ್ದಕ್ಕನ ಮುಖ ನನ್ನ ಮುಖದ ಹತ್ತಿರವಿತ್ತು. ಅವಳ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು. ಕಣ್ಣಿನ ಸುತ್ತ ಬಣ್ಣ ಹೋಗಿತ್ತು.

"ನೋಯ್ತಿದೆಯಾ?" ಎಂದಳು. ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು.

"ಹೂಂ," ಎಂದೆ. ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

ಅವಳು ನೂಕುವುದನ್ನು ನಿಲ್ಲಿಸಿದಳು. ಕೈ ಮಾತ್ರ ತೆಗೆಯಲಿಲ್ಲ. ತೆಗೆದಿದ್ದರೆ ಆ ಭಾರವೆಲ್ಲ ನನ್ನ ಮೇಲೆ ಬೀಳುತ್ತಿತ್ತು. ಇಬ್ಬರೂ ಅದನ್ನು ಹಾಗೇ ಹಿಡಿದು, ಅಂಗುಲದಷ್ಟು ಅಂಗುಲದಷ್ಟು ಕೆಳಗಿಳಿಸಿದೆವು. ಹಾಸಿಗೆ ಮೊದಲಿದ್ದ ಹಾಗೇ ಮೇಜಿನ ಮೇಲೆ ಮಲಗಿತು. ತಿರುಗಿರಲಿಲ್ಲ. ಉದ್ದಕ್ಕ ಅದರ ಮೇಲೆ ಎರಡೂ ಕೈ ಊರಿ ಬಾಗಿ ನಿಂತಳು. ನೆಟ್ಟಗಾಗಲು ನೋಡಿದಳು. ಆಗಲಿಲ್ಲ. ಹಾಗೇ ಬಾಗಿಕೊಂಡು ಏನೋ ಅಂದಳು.

"ಏನಂದೆ?" ಎಂದ ಪೌಡರ್.

ಶೆಡ್ಡಿನಲ್ಲಿ ಒಂದು ಮಷೀನೂ ಓಡುತ್ತಿರಲಿಲ್ಲ. ಎಲ್ಲರಿಗೂ ಕೇಳುತ್ತಿತ್ತು. ಉದ್ದಕ್ಕ ಅವನ ಕಡೆ ತಿರುಗಲಿಲ್ಲ.

"ನಂಗೂ ನೋಯ್ತಿದೆ ಅಂದೆ," ಎಂದಳು.